ಮೊದಲ ವಾರ ಸಾಧುವಾಗಿದ್ದ ನಾಯಿ ಈಗೇಕೆ ಗುರುಗುಟ್ಟುತ್ತಿದೆ?

ಪ್ರಶ್ನೆ: 19 ದಿನಗಳ ಹಿಂದೆ ನಾವು ಪ್ರಾಣಿಗಳ ಆಶ್ರಯಧಾಮವೊಂದರಿಂದ ಸುಮಾರು 3 ವರ್ಷದ ಹೆಣ್ಣು ನಾಯಿಯನ್ನು ದತ್ತು ತಂದೆವು. ಮಕ್ಕಳು ಬೆಳ್ಳಿ ಎಂದು ಹೆಸರಿಟ್ಟರು. ಅದರ ಹಿಂದಿನ ಬದುಕು ಅಲ್ಲಿನವರಿಗೂ ಗೊತ್ತಿಲ್ಲ. ಮೊದಲ ವಾರ ಅದು ಮನೆಯಲ್ಲಿ ಇದೆಯೆಂಬುದೇ ತಿಳಿಯದಷ್ಟು ಸಾಧುವಾಗಿತ್ತು. ಊಟದ ಮೇಜಿನ ಕೆಳಗೆ ಮಲಗಿರುತ್ತಿತ್ತು, ಮಕ್ಕಳು ಮುಟ್ಟಿದರೂ ಮಿಸುಕುತ್ತಿರಲಿಲ್ಲ. ಎರಡನೆಯ ವಾರದಲ್ಲಿ, ಅದು ತಿನ್ನುವಾಗ ಬಟ್ಟಲಿನ ಹತ್ತಿರ ಹೋದ ನನ್ನ 7 ವರ್ಷದ ಮಗನನ್ನು ಕಂಡು ಗುರುಗುಟ್ಟಿತು. ಮೊನ್ನೆ ಮೇಜಿನ ಕೆಳಗೆ ಮಲಗಿದ್ದಾಗ ಅಪ್ಪಿಕೊಳ್ಳಲು ಹೋದ ಅವನಿಗೆ ಹಲ್ಲು ತೋರಿಸಿತು. ಕಚ್ಚಿಲ್ಲ. ಮನೆಯೊಳಗೇ ಮೂತ್ರ ಮಾಡುತ್ತದೆ. ಗದರಿಸಿದರೆ ಅಲ್ಲೇ ಮುದುರಿಕೊಂಡು ಇನ್ನಷ್ಟು ಮಾಡುತ್ತದೆ. ನಾನು ಹೊರಗೆ ಹೋದರೆ ಊಳಿಡುತ್ತದೆ, ಬಾಗಿಲು ಕೆರೆಯುತ್ತದೆ. ಯಜಮಾನರು ಯಾರೆಂದು ಅದಕ್ಕೆ ತೋರಿಸಿಕೊಡಿ, ಅಂಗಾತ ಕೆಡವಿ ಹಿಡಿಯಿರಿ, ತಿನ್ನುವಾಗ ಬಟ್ಟಲಿಗೆ ಕೈ ಹಾಕಿ ಎನ್ನುತ್ತಾರೆ ನಾಯಿ ಸಾಕಿದ ಪರಿಚಿತರೊಬ್ಬರು. ಬೆಳೆದ ನಾಯಿ ಇನ್ನು ಒಗ್ಗುವುದಿಲ್ಲ, ಮಗುವಿಗೆ ಏನಾದರೂ ಆಗುವ ಮೊದಲು ಬಿಟ್ಟು ಬನ್ನಿ ಎನ್ನುತ್ತಾರೆ ಅತ್ತೆಯವರು. ನಾವು ತಪ್ಪು ಮಾಡಿದೆವೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಮಗನಿಗೆ ಏನಾದರೂ ಆದೀತೇ ಎಂಬುದು ಒಂದು. ಮೊದಲ ವಾರ ಕಂಡ ಬೆಳ್ಳಿ ನಿಜವೋ, ಹಲ್ಲು ತೋರಿಸುತ್ತಿರುವ ಬೆಳ್ಳಿ ನಿಜವೋ, ಅದನ್ನು ಉಳಿಸಿಕೊಳ್ಳಬಹುದೋ ಬಾರದೋ ಎಂಬುದು ಇನ್ನೊಂದು. ಎರಡನೆಯದಕ್ಕೆ 19ನೆಯ ದಿನದಲ್ಲಿ ಯಾರೂ ಖಚಿತವಾಗಿ ಉತ್ತರಿಸಲಾರರು. ಮೊದಲನೆಯದು ಕಾಯುವಂಥದ್ದಲ್ಲ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಇಂದಿನಿಂದ ಬೆಳ್ಳಿ ಮತ್ತು ನಿಮ್ಮ ಮಗ, ದೊಡ್ಡವರೊಬ್ಬರ ಕಣ್ಗಾವಲಿಲ್ಲದೆ, ಒಂದೇ ಕೋಣೆಯಲ್ಲಿ ಇರಕೂಡದು. ಕಣ್ಗಾವಲು ಎಂದರೆ ಅದೇ ಮನೆಯಲ್ಲಿ ಇರುವುದಲ್ಲ, ಬೇರೆ ಕೆಲಸ ಮಾಡುತ್ತ ಅತ್ತ ಕಿವಿಗೊಟ್ಟಿರುವುದೂ ಅಲ್ಲ. ನೋಟ ಇಬ್ಬರ ಮೇಲೂ ಇದ್ದು, ಎರಡು ಹೆಜ್ಜೆಯಲ್ಲಿ ನಡುವೆ ಬಂದು ನಿಲ್ಲುವಷ್ಟು ಹತ್ತಿರ ಇರುವುದು. ಅದು ಸಾಧ್ಯವಾಗದ ಹೊತ್ತಿನಲ್ಲಿ ಇಬ್ಬರ ನಡುವೆ ಮುಚ್ಚಿದ ಬಾಗಿಲೋ ಚಿಕ್ಕ ಮಕ್ಕಳಿಗಾಗಿ ಹಾಕುವಂಥ ಗೇಟೋ ಇರಲಿ. ಸಣ್ಣ ಮಕ್ಕಳಿಗಾಗುವ ನಾಯಿ ಕಡಿತಗಳಲ್ಲಿ ಹೆಚ್ಚಿನವು ಪರಿಚಿತ ನಾಯಿಯಿಂದ, ಮನೆಯೊಳಗೇ ಆಗುತ್ತವೆ. ಮಗುವಿನ ಮುಖ ನಾಯಿಯ ಮುಖದ ಮಟ್ಟದಲ್ಲಿಯೇ ಇರುವುದರಿಂದ ಗಾಯವೂ ಹೆಚ್ಚಾಗಿ ಮುಖ, ಕುತ್ತಿಗೆಗಳಿಗೇ ಬೀಳುತ್ತದೆ. ಇದನ್ನು ಹೆದರಿಸಲೆಂದು ಬರೆಯುತ್ತಿಲ್ಲ. ಬೆಳ್ಳಿ ಎಂಥ ನಾಯಿ ಎಂದು ನಿಧಾನವಾಗಿ ತಿಳಿದುಕೊಳ್ಳಲು ನಿಮಗೆ ಕೆಲವು ತಿಂಗಳು ಬೇಕು, ಆ ಕಾಲಾವಕಾಶ ನಿಮಗೆ ಸಿಗುವುದು ಈ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಿದರೆ ಮಾತ್ರ.

ಇನ್ನು ಮೊದಲ ವಾರದ ಸಾಧುತನದ ವಿಷಯ. ಅದನ್ನು ನೀವು ಅದರ ಸ್ವಭಾವವೆಂದು ತಿಳಿದಿರಿ. ನನ್ನ ಅನುಭವದಲ್ಲಿ ಹೊಸದಾಗಿ ನಾಯಿ ತಂದ ಹತ್ತು ಕುಟುಂಬಗಳಲ್ಲಿ ಎಂಟು ಹಾಗೆಯೇ ತಿಳಿಯುತ್ತವೆ. ಮೇಜಿನ ಕೆಳಗೆ ಸೇರಿ ಮಿಸುಕದೆ ಬಿದ್ದಿರುವ, ಮುಟ್ಟಿದರೂ ಸುಮ್ಮನಿರುವ ನಾಯಿ ಒಪ್ಪಿಗೆಯಿಂದ ಹಾಗಿರುವುದಿಲ್ಲ, ಭಯದಿಂದ ಮರಗಟ್ಟಿರುತ್ತದೆ. ಬೋನಿನ ಸಾಲುಗಳ ಗದ್ದಲದಿಂದ, ಗುರುತಿದ್ದ ಒಂದೇ ಒಂದು ವಾಸನೆಯೂ ಇಲ್ಲದ ಜಾಗಕ್ಕೆ ಒಂದೇ ದಿನದಲ್ಲಿ ಬಂದ ಪ್ರಾಣಿಯ ಮೈಯಲ್ಲಿ ಕಾರ್ಟಿಸಾಲ್‌ನಂಥ ಒತ್ತಡದ ಹಾರ್ಮೋನುಗಳು ಏರಿರುತ್ತವೆ, ಅವು ಇಳಿಯಲು ದಿನಗಳೇ ಹಿಡಿಯುತ್ತವೆ. ಆ ಹೊತ್ತಿನಲ್ಲಿ ನಾಯಿ ಸರಿಯಾಗಿ ತಿನ್ನುವುದಿಲ್ಲ, ಗಾಢವಾಗಿ ನಿದ್ದೆ ಮಾಡುವುದಿಲ್ಲ, ಎಷ್ಟೋ ಸಲ ಗಂಟೆಗಟ್ಟಲೆ ಮೂತ್ರವನ್ನೂ ಹಿಡಿದುಕೊಂಡಿರುತ್ತದೆ. ಒತ್ತಡ ಸ್ವಲ್ಪ ಇಳಿದ ಮೇಲೆ ಅದಕ್ಕೆ ತನಗೇನು ಬೇಕು, ಏನು ಬೇಡ ಎಂದು ತಿಳಿಸುವ ಧೈರ್ಯ ಬರುತ್ತದೆ. ನಿಮಗೆ ಕೆಟ್ಟುಹೋದಂತೆ ಕಾಣುತ್ತಿರುವ ಎರಡನೆಯ ವಾರ, ನಾಯಿಯ ಕಡೆಯಿಂದ ನೋಡಿದರೆ, ಬಾಯಿ ಬಂದ ವಾರ.

ದತ್ತು ಕೊಡುವವರು ‘3 ದಿನ, 3 ವಾರ, 3 ತಿಂಗಳು’ ಎಂಬ ಲೆಕ್ಕವೊಂದನ್ನು ಹೇಳುತ್ತಾರೆ: ಹೆದರಿಕೆ ಇಳಿಯಲು 3 ದಿನ, ಮನೆಯ ದಿನಚರಿ ತಿಳಿಯಲು 3 ವಾರ, ಇದು ನನ್ನ ಮನೆ ಎನ್ನಿಸಲು 3 ತಿಂಗಳು. ಇದು ಪ್ರಯೋಗದಿಂದ ಹೊರಟ ನಿಯಮವಲ್ಲ, ಅನುಭವದ ಅಂದಾಜು. ಒಂದು ವಾರದಲ್ಲಿ ಹೊಂದಿಕೊಂಡ ನಾಯಿಗಳನ್ನೂ ಒಂದು ವರ್ಷ ತೆಗೆದುಕೊಂಡ ನಾಯಿಗಳನ್ನೂ ಕಂಡಿದ್ದೇನೆ. ಆದರೂ ಮೂರು ತಿಂಗಳಿಗೆ ಮೊದಲು ಕೊನೆಯ ತೀರ್ಮಾನಕ್ಕೆ ಬರಬೇಡಿ ಎಂಬ ಎಚ್ಚರಿಕೆಯಾಗಿ ಅದು ಉಪಯುಕ್ತವೇ.

ಗುರುಗುಟ್ಟುವುದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನಿಮ್ಮ ಪರಿಚಿತರ ಸಲಹೆಯಲ್ಲಿ ನನಗೆ ನಿಜವಾಗಿ ಆತಂಕವೆನಿಸಿದ್ದು ಇಲ್ಲಿಯೇ. ನಾಯಿ ತನಗೆ ಇರಿಸುಮುರಿಸಾದುದನ್ನು ಮೆಟ್ಟಿಲು ಮೆಟ್ಟಿಲಾಗಿ ತಿಳಿಸುತ್ತದೆ. ಮೊದಲು ಮುಖ ತಿರುಗಿಸುತ್ತದೆ, ಹಸಿವಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಬಾರದಿದ್ದರೂ ಆಕಳಿಸುತ್ತದೆ. ಕಣ್ಣಿನ ಬಿಳಿಯ ಭಾಗ ಅರ್ಧಚಂದ್ರದಂತೆ ಕಾಣಿಸುತ್ತದೆ, ಬಾಲ ಒಳಸೇರುತ್ತದೆ. ಆಮೇಲೆ ಮೈ ಬಿಗಿಯುತ್ತದೆ. ಇಷ್ಟಕ್ಕೂ ಎದುರಿನವರು ಹಿಂದೆ ಸರಿಯದಿದ್ದರೆ ಗುರುಗುಟ್ಟುತ್ತದೆ, ಹಲ್ಲು ತೋರಿಸುತ್ತದೆ, ಗಾಳಿಗೆ ಬಾಯಿ ಹಾಕುತ್ತದೆ. ಕಚ್ಚುವುದು ಕೊನೆಯ ಮೆಟ್ಟಿಲು. ಬೆಳ್ಳಿ ಮೇಜಿನ ಕೆಳಗೆ, ಹಿಂದೆ ಸರಿಯಲು ಜಾಗವೇ ಇಲ್ಲದ ಕಡೆ, ಮೇಲೆ ಬಗ್ಗಿ ಅಪ್ಪಿಕೊಳ್ಳಲು ಬಂದ ಮಗುವಿಗೆ ಹಲ್ಲು ತೋರಿಸಿ ಅಷ್ಟಕ್ಕೇ ನಿಲ್ಲಿಸಿತು ಎಂಬುದನ್ನು ಗಮನಿಸಿ. ಗುರುಗುಟ್ಟಿದ್ದಕ್ಕೆ ಹೊಡೆದರೆ ಅದರ ಹಿಂದಿನ ಭಯ ಹೋಗುವುದಿಲ್ಲ, ಸದ್ದು ಮಾತ್ರ ಹೋಗುತ್ತದೆ. ನನ್ನಲ್ಲಿಗೆ ‘ಯಾವ ಸೂಚನೆಯೂ ಇಲ್ಲದೆ ಕಚ್ಚಿತು’ ಎಂದು ಕರೆತಂದ ನಾಯಿಗಳಲ್ಲಿ ಅನೇಕವು, ಮನೆಯವರನ್ನು ಬಿಡಿಸಿ ಕೇಳಿದಾಗ, ಒಂದು ಕಾಲದಲ್ಲಿ ಚೆನ್ನಾಗಿಯೇ ಗುರುಗುಟ್ಟುತ್ತಿದ್ದ ನಾಯಿಗಳು. ಅದನ್ನು ನಿಲ್ಲಿಸಲು ತಾವು ಪಟ್ಟ ಶ್ರಮವನ್ನು ಮನೆಯವರೇ ಹೇಳುತ್ತಿದ್ದರು.

ಯಜಮಾನಿಕೆ ತೋರಿಸಬೇಕೆಂಬ ನಂಬಿಕೆಗೆ ಒಂದು ಹಳೆಯ ಮೂಲವಿದೆ. ರುಡಾಲ್ಫ್ ಶೆಂಕೆಲ್ ಎಂಬ ಸಂಶೋಧಕರು ಸ್ವಿಟ್ಜರ್‌ಲೆಂಡಿನ ಬಾಸೆಲ್ ಮೃಗಾಲಯದ ಆವರಣದಲ್ಲಿ ಕೂಡಿಹಾಕಿದ್ದ ತೋಳಗಳನ್ನು ಗಮನಿಸಿ, ಅವು ಮೇಲ್ಗೈಗಾಗಿ ಸದಾ ಸೆಣಸುತ್ತವೆಂದು 1947ರಲ್ಲಿ ಪ್ರಕಟಿಸಿದರು. ಅದನ್ನೇ ನಾಯಿಗಳಿಗೂ ಅನ್ವಯಿಸಿ, ಮನುಷ್ಯ ಅವುಗಳ ಮೇಲೆ ಮೇಲ್ಗೈ ಸಾಧಿಸಬೇಕೆಂಬ ತರಬೇತಿಯ ಪದ್ಧತಿ ಬೆಳೆಯಿತು. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ 13 ಬೇಸಿಗೆಗಳ ಕಾಲ ಕಾಡುತೋಳಗಳ ಜೊತೆಗಿದ್ದು ನೋಡಿದ ಡೇವಿಡ್ ಮೆಕ್, ಹಿಂಡೆಂದರೆ ಸಾಮಾನ್ಯವಾಗಿ ತಂದೆ, ತಾಯಿ ಮತ್ತು ಅವುಗಳ ಮರಿಗಳ ಕುಟುಂಬವಷ್ಟೇ ಎಂದು 1999ರಲ್ಲಿ ತೋರಿಸಿದರು. ತಾವೇ ಹಿಂದೆ ಬಳಸಿ ಜನಪ್ರಿಯಗೊಳಿಸಿದ್ದ ‘ಆಲ್ಫಾ’ (ಸೆಣಸಿ ಹಿಂಡಿನ ಮೇಲ್ಗೈ ಪಡೆದ ತೋಳ) ಎಂಬ ಮಾತನ್ನು ಕೈಬಿಡಬೇಕೆಂದು ಅವರು ಮತ್ತೆ ಮತ್ತೆ ಹೇಳಿದ್ದಾರೆ. ಇದೆಲ್ಲ ತೋಳದ ಮಾತಾಯಿತು. ನಾಯಿಯನ್ನು ಅಂಗಾತ ಕೆಡವಿ ಹಿಡಿದಾಗ ಆಗುವುದೇನೆಂದರೆ, ಹೆದರಿದ ಪ್ರಾಣಿಯ ಬಾಯಿಯ ಹತ್ತಿರಕ್ಕೆ ನಿಮ್ಮ ಮುಖ ಹೋಗುತ್ತದೆ, ಅದಕ್ಕೆ ಓಡಿಹೋಗುವ ದಾರಿ ಮುಚ್ಚುತ್ತದೆ. ದಯವಿಟ್ಟು ಇದನ್ನು ಒಮ್ಮೆಯೂ ಪ್ರಯತ್ನಿಸಬೇಡಿ, ಮಕ್ಕಳ ಎದುರಿನಲ್ಲಂತೂ ಖಂಡಿತ ಬೇಡ. ಮಕ್ಕಳು ಕಂಡದ್ದನ್ನು ಮಾಡಿ ನೋಡುತ್ತಾರೆ.

ತಿನ್ನುವಾಗ ಬಟ್ಟಲಿಗೆ ಕೈ ಹಾಕುವುದೂ ಅದೇ ಜಾತಿಯ ತಪ್ಪು. ತಿನ್ನುತ್ತಿರುವಾಗ ಯಾರೋ ಬಂದರೆ ತನ್ನ ಪಾಲು ಹೋಗುತ್ತದೆಂದು ಬೆಳ್ಳಿ ಹೆದರುತ್ತಿದೆ. ಕೈ ಹಾಕಿ ನೀವು ಆ ಹೆದರಿಕೆ ಸರಿಯೆಂದು ಸಾಬೀತು ಮಾಡಿಕೊಡುತ್ತೀರಿ. ಹಲವು ನಾಯಿಗಳ ನಡುವೆ ಉಂಡು ಬದುಕಿದ ಪ್ರಾಣಿಗೆ ಈ ಅಳುಕು ಇರುವುದು ಸಹಜ. ಅದರ ಬಟ್ಟಲನ್ನು ಮಕ್ಕಳು ಓಡಾಡದ ಕೋಣೆಯಲ್ಲಿಡಿ, ಬಾಗಿಲು ಹಾಕಿ, ಅದು ತಿಂದು ಹೊರಬಂದ ಮೇಲೆ, ಅದು ಬೇರೆ ಕಡೆ ಇದ್ದಾಗ ಬಟ್ಟಲನ್ನು ಎತ್ತಿಕೊಳ್ಳಿ. ಬಹಳಷ್ಟು ಮನೆಗಳಲ್ಲಿ ಇಷ್ಟೇ ಸಾಕಾಗುತ್ತದೆ, ಇದಕ್ಕಿಂತ ಹೆಚ್ಚಿನ ತರಬೇತಿಯ ಅಗತ್ಯವೇ ಬೀಳುವುದಿಲ್ಲ. ಮುಂದೆ ಅದರ ಅಳುಕನ್ನೂ ಕಳೆಯಬೇಕೆಂದಿದ್ದರೆ ದೊಡ್ಡವರೊಬ್ಬರು ಅದು ತಲೆಯೆತ್ತದೆ ನೆಮ್ಮದಿಯಾಗಿ ತಿನ್ನುವಷ್ಟು ದೂರದಲ್ಲಿ ಹಾದುಹೋಗುತ್ತ, ಬಟ್ಟಲಿನಲ್ಲಿರುವುದಕ್ಕಿಂತ ರುಚಿಯಾದ ತುಣುಕೊಂದನ್ನು, ಉಪ್ಪು ಮಸಾಲೆ ಹಾಕದೆ ಬೇಯಿಸಿದ ಮೂಳೆಯಿಲ್ಲದ ಮಾಂಸವನ್ನಾದರೂ ಸರಿ, ಅದರತ್ತ ಎಸೆದು ನಿಲ್ಲದೆ ಮುಂದೆ ಹೋಗಲಿ. ದಿನಗಳು ಕಳೆದಂತೆ ಹೆಜ್ಜೆ ಸದ್ದು ಕೇಳಿದರೆ ಅದು ಬಿಗಿಯುವ ಬದಲು ಬಾಲವಾಡಿಸುತ್ತ ತಲೆಯೆತ್ತುತ್ತದೆ; ಆಗ ಮಾತ್ರ ಒಂದು ಹೆಜ್ಜೆ ಹತ್ತಿರವಾಗಿ. ಈ ಅಭ್ಯಾಸವನ್ನು ಮಗನ ಕೈಯಲ್ಲಿ ಮಾಡಿಸಬೇಡಿ.

ಇನ್ನೊಂದು ಮಾತು ಎಲ್ಲಕ್ಕಿಂತ ಮೊದಲೇ ಬರಬೇಕಿತ್ತೇನೋ: ಬೆಳ್ಳಿಯನ್ನು ಪಶುವೈದ್ಯರಿಗೆ ತೋರಿಸಿದ್ದೀರಾ? ಪತ್ರದಲ್ಲಿ ಆ ವಿಷಯವಿಲ್ಲ. ಸ್ವಭಾವದ ದೋಷವೆಂದು ನನ್ನ ಬಳಿ ಬಂದ ಎಷ್ಟೋ ಸಮಸ್ಯೆಗಳು ಕಿವಿಯ ಸೋಂಕು, ಮುರಿದ ಹಲ್ಲು, ಸೊಂಟದ ಕೀಲಿನ ನೋವುಗಳಲ್ಲಿ ಕೊನೆಗೊಂಡಿವೆ. ಅಪ್ಪಿಕೊಂಡಾಗ ನೋಯುವ ಜಾಗವೊಂದಿದ್ದರೆ ಅಪ್ಪಲು ಬರುವ ಮಗುವಿಗೆ ಅದು ಹಲ್ಲು ತೋರಿಸಿಯೇ ತೋರಿಸುತ್ತದೆ. ಕಿವಿ, ಬಾಯಿ, ಕೀಲುಗಳನ್ನು ನೋಡಲು ಹೇಳಿ. ಉಣ್ಣಿಗಳಿಂದ ಬರುವ ಜ್ವರಗಳಿಗಾಗಿ ರಕ್ತವನ್ನೂ ಜಂತುಹುಳುಗಳಿಗಾಗಿ ಮಲವನ್ನೂ ಮೂತ್ರದ ಸೋಂಕಿಗಾಗಿ ಮೂತ್ರವನ್ನೂ ಪರೀಕ್ಷಿಸಲಿ. ರೇಬೀಸ್ ಲಸಿಕೆ ಯಾವಾಗ ಆಗಿದೆ ಎಂದು ಆಶ್ರಯಧಾಮದ ದಾಖಲೆಯಲ್ಲಿ ನೋಡಿ, ಸ್ಪಷ್ಟವಾಗಿಲ್ಲದಿದ್ದರೆ ಮತ್ತೆ ಹಾಕಿಸಿ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಹೆಣ್ಣು ನಾಯಿಗಳಲ್ಲಿ ಕೆಲವಕ್ಕೆ ಮಲಗಿದ್ದಾಗ ತಮಗೆ ಅರಿವಿಲ್ಲದೆ ಮೂತ್ರ ಸೋರುವುದುಂಟು, ಅದಕ್ಕೆ ಔಷಧವಿದೆ. ಬೆಳ್ಳಿ ಮಲಗಿದ್ದ ಜಾಗ ಒದ್ದೆಯಾಗುತ್ತಿದೆಯೋ ಇಲ್ಲವೋ ಎಂಬುದನ್ನು ನೋಡಿಕೊಂಡು ಹೋಗಿ ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ.

ಗದರಿಸಿದಾಗ ಮುದುರಿಕೊಂಡು ಮೂತ್ರ ಮಾಡುವುದು ಹಠವಲ್ಲ. ಅದು ‘ನನ್ನಿಂದ ನಿಮಗೆ ಅಪಾಯವಿಲ್ಲ, ಬಿಟ್ಟುಬಿಡಿ’ ಎಂದು ನಾಯಿಗಳು ಬೇಡಿಕೊಳ್ಳುವ ರೀತಿ. ಹೆಚ್ಚು ಗದರಿಸಿದಷ್ಟೂ ಅದು ಹೆಚ್ಚು ಬೇಡಿಕೊಳ್ಳುತ್ತದೆ. ಬೆಳೆದ ನಾಯಿಗೂ ಹೊಸ ಮನೆಯಲ್ಲಿ ಮರಿಗೆ ಕಲಿಸುವಂತೆಯೇ ಮೊದಲಿನಿಂದ ಕಲಿಸಬೇಕು: ಎದ್ದ ಕೂಡಲೇ, ತಿಂದ ಮೇಲೆ, ಆಟವಾದ ಮೇಲೆ, ಮಲಗುವ ಮುನ್ನ, ನಡುವೆಯೂ ಎರಡು ಮೂರು ಗಂಟೆಗೊಮ್ಮೆ ಒಂದೇ ಜಾಗಕ್ಕೆ ಕರೆದೊಯ್ದು, ಅದು ಮುಗಿಸಿದ ಕ್ಷಣದಲ್ಲಿಯೇ, ಮನೆಗೆ ಮರಳಿದ ಮೇಲಲ್ಲ, ತಿನಿಸು ಕೊಡಿ. ಒಳಗೆ ಮಾಡಿದ್ದನ್ನು ಮೌನವಾಗಿ ಒರೆಸಿ, ಪ್ರಾಣಿಗಳ ಮೂತ್ರದ ವಾಸನೆ ತೆಗೆಯಲೆಂದೇ ಸಿಗುವ, ಕಿಣ್ವವಿರುವ ದ್ರಾವಣದಿಂದ ತೊಳೆಯಿರಿ. ಅಮೋನಿಯಾ ಬೆರೆತ ದ್ರಾವಣ ಬೇಡ, ಅದರ ವಾಸನೆ ಮೂತ್ರವನ್ನೇ ಹೋಲುತ್ತದೆ.

ಊಳಿಡುವುದರ ಹಿಂದೆ ಒಂದು ಕರುಣಾಜನಕ ಸತ್ಯವಿದೆ. ಹಂಗೆರಿಯ ಸಂಶೋಧಕರು ಆಶ್ರಯಧಾಮದ ಬೆಳೆದ ನಾಯಿಗಳ ಜೊತೆ ಅಪರಿಚಿತರೊಬ್ಬರನ್ನು 10 ನಿಮಿಷಗಳಂತೆ ಬರೀ ಮೂರು ಸಲ ಕಳೆಯುವಂತೆ ಮಾಡಿ ಪರೀಕ್ಷಿಸಿದರು. ಅಷ್ಟಕ್ಕೇ ಆ ನಾಯಿಗಳು ಆ ವ್ಯಕ್ತಿಯೊಡನೆ ಬಾಂಧವ್ಯದ ಲಕ್ಷಣಗಳನ್ನು ತೋರಿದವೆಂದು 2001ರಲ್ಲಿ ವರದಿ ಮಾಡಿದರು. ಬೆಳೆದ ನಾಯಿ ಹೊಸಬರಿಗೆ ಒಗ್ಗುವುದಿಲ್ಲವೆಂಬ ಮಾತಿಗೆ ಇದೇ ಉತ್ತರ. ಮನುಷ್ಯರ ಒಡನಾಟಕ್ಕೆ ಅಷ್ಟು ಹಸಿದ ಪ್ರಾಣಿ, ತನ್ನದೆಂದು ಸಿಕ್ಕ ಒಬ್ಬರು ಬಾಗಿಲಾಚೆ ಮರೆಯಾದಾಗ ಅವರು ಹಿಂತಿರುಗುತ್ತಾರೆಂದು ಅದಕ್ಕೆ ಹೇಗೆ ತಿಳಿಯಬೇಕು? ಇದನ್ನು ತಿಳಿಸಿಕೊಡುವುದು ನಿಧಾನದ ಕೆಲಸ. ಮೊದಲು ಹೊರಡುವ ಸೂಚನೆಗಳ ಬಿಸಿ ತಗ್ಗಿಸಿ: ಕೀಲಿಕೈ ಎತ್ತಿಕೊಂಡು ಮತ್ತೆ ಕುಳಿತುಕೊಳ್ಳಿ, ಚಪ್ಪಲಿ ಮೆಟ್ಟಿಕೊಂಡು ಮನೆಯೊಳಗೇ ಓಡಾಡಿ. ಬಳಿಕ ಬಾಗಿಲಾಚೆ ಹೋಗಿ ಕೆಲವೇ ಸೆಕೆಂಡುಗಳಲ್ಲಿ, ಅದು ಗಾಬರಿಯಾಗುವ ಮೊದಲೇ ಮರಳಿ ಬನ್ನಿ. ದಿನದಿನಕ್ಕೆ ಆ ಅವಧಿ ಬೆಳೆಯಲಿ. ಫೋನಿನ ಕ್ಯಾಮೆರಾ ಇಟ್ಟು ಹೋದರೆ ಅದು ಎಷ್ಟನೆಯ ನಿಮಿಷಕ್ಕೆ ಚಡಪಡಿಸುತ್ತದೆ ಎಂಬುದು ಗೊತ್ತಾಗುತ್ತದೆ, ಅಭ್ಯಾಸ ಆ ಗಡುವಿನೊಳಗೇ ನಡೆಯಬೇಕು. ಈ ವಾರಗಳಲ್ಲಿ ಸಾಧ್ಯವಾದ ಮಟ್ಟಿಗೆ ಮನೆಯಲ್ಲಿ ಯಾರಾದರೂ ಇರಿ. ಬೋನಿನಲ್ಲಿ ಕೂಡಿಟ್ಟು ಹೋಗುವುದು ಪರಿಹಾರವಲ್ಲ. ಗಾಬರಿಯಾದ ನಾಯಿಗಳು ಕಂಬಿ ಕಚ್ಚಿ ಹಲ್ಲು ಮುರಿದುಕೊಂಡದ್ದನ್ನು ನೋಡಿದ್ದೇನೆ. ಆರೆಂಟು ವಾರಗಳಾದರೂ ಇಳಿಯದಿದ್ದರೆ ಫ್ಲೂಆಕ್ಸೆಟಿನ್, ಕ್ಲೋಮಿಪ್ರಮಿನ್‌ಗಳಂಥ ಔಷಧಗಳನ್ನು ಪಶುವೈದ್ಯರು ತರಬೇತಿಯ ಜೊತೆಗೆ ಬರೆದುಕೊಡಬಹುದು. ಅವು ಮಂಪರು ಬರಿಸುವ ಮಾತ್ರೆಗಳಲ್ಲ, ಪರಿಣಾಮ ಕಾಣಲು ವಾರಗಳೇ ಬೇಕು, ಮನುಷ್ಯರಿಗೆಂದು ಮನೆಯಲ್ಲಿರುವ ಮಾತ್ರೆಯನ್ನು ಅಳತೆ ಊಹಿಸಿ ಕೊಡುವಂತೆಯೂ ಇಲ್ಲ.

ಅತ್ತೆಯವರ ಮಾತಿನಲ್ಲಿ ಸತ್ಯದ ಒಂದು ಅಂಶವಿದೆ, ಅದನ್ನು ತಳ್ಳಿಹಾಕಲಾರೆ. ನಾಯಿಮರಿಗೆ ಮೂರನೆಯ ವಾರದಿಂದ ಸುಮಾರು 12ರಿಂದ 14ನೆಯ ವಾರದವರೆಗೆ ಜಗತ್ತನ್ನು ಸಲೀಸಾಗಿ ಒಪ್ಪಿಕೊಳ್ಳುವ ಅವಧಿಯೊಂದಿದೆ. ಆಗ ಮಕ್ಕಳ ಗಲಾಟೆ, ಓಟ, ಕಿರುಚಾಟಗಳನ್ನು ಕಾಣದೆ ಬೆಳೆದ ನಾಯಿಗೆ ಮುಂದೆ ಮಕ್ಕಳೆಂದರೆ ಅಳುಕು ಉಳಿಯಬಹುದು. ಅದು ಎಷ್ಟೋ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುತ್ತದೆಂದು ನಾನು ಭರವಸೆ ಕೊಡಲಾರೆ. ಹಾಗೆಂದು ಬೆಳೆದ ನಾಯಿ ಕಲಿಯದು ಎಂಬುದು ಸುಳ್ಳು. ಎಂಟು, ಹತ್ತು ವರ್ಷದ ನಾಯಿಗಳು ಹೊಸ ಮನೆಯ ರೀತಿಗಳನ್ನು ಕಲಿಯುತ್ತವೆ. ಹೆಚ್ಚು ಕಲಿಯಬೇಕಾದದ್ದು ಈಗ ನಿಮ್ಮ ಮಗ. ಮಲಗಿರುವ ಬೆಳ್ಳಿಯ ಬಳಿ ಹೋಗಬಾರದು, ಅಪ್ಪಬಾರದು, ಮುಖಕ್ಕೆ ಮುಖ ತರಬಾರದು, ಅದರ ಬಾಯಲ್ಲಿರುವುದನ್ನು ಕಿತ್ತುಕೊಳ್ಳಬಾರದು. ಅದು ತಾನಾಗಿ ಬಂದರೆ ಎದೆಯನ್ನೋ ಭುಜವನ್ನೋ ಮೂರೆಣಿಸುವಷ್ಟು ಹೊತ್ತು ಸವರಿ ಕೈ ಹಿಂದೆಗೆದುಕೊಳ್ಳಬೇಕು. ಇನ್ನೂ ಬೇಕಿದ್ದರೆ ಅದೇ ಒತ್ತಿಕೊಂಡು ಬರುತ್ತದೆ, ಬೇಡದಿದ್ದರೆ ಸರಿದು ಹೋಗುತ್ತದೆ, ಹೋಗಲು ಬಿಡಬೇಕು. 7 ವರ್ಷದ ಮಗು ಇದನ್ನು ಚೆನ್ನಾಗಿಯೇ ಕಲಿಯುತ್ತದೆ, ಆಟದ ಭರದಲ್ಲಿ ಮರೆಯುತ್ತದೆ ಕೂಡ. ಕಣ್ಗಾವಲು ಬೇಕಾಗುವುದು ಅದಕ್ಕೇ. ಮೇಜಿನ ಕೆಳಗಿನ ಜಾಗಕ್ಕಿಂತ ಒಳ್ಳೆಯ ಮೂಲೆಯೊಂದನ್ನು, ಜನ ಓಡಾಡದ ಕಡೆ, ಅದಕ್ಕೆಂದೇ ಬಿಟ್ಟುಕೊಡಿ. ಅಲ್ಲಿಗೆ ಯಾರೂ ಹೋಗುವುದು ಬೇಡ. ಬೆಳೆದ ನಾಯಿ ದಿನಕ್ಕೆ 12ರಿಂದ 14 ಗಂಟೆ ನಿದ್ದೆ ಮಾಡಬೇಕು, ಮಕ್ಕಳಿರುವ ಮನೆಯಲ್ಲಿ ಅದು ಸಿಗದೇ ಹೋಗುವುದೇ ಅದರ ಸಿಡುಕಿಗೆ ದೊಡ್ಡ ಕಾರಣಗಳಲ್ಲೊಂದು.

ಮೊದಲ ತಿಂಗಳುಗಳಲ್ಲಿ ಹೊಸ ನಾಯಿ ತೆರೆದ ಬಾಗಿಲಿನಿಂದ ಓಡಿ ಕಳೆದುಹೋಗುವ ಸಂಭವ ಹೆಚ್ಚು. ಕತ್ತಿನ ಪಟ್ಟಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಇರಲಿ, ಮೈಕ್ರೋಚಿಪ್ ಹಾಕಿದ್ದರೆ ಅದು ನಿಮ್ಮ ಹೆಸರಿಗೆ ಬದಲಾಗಿದೆಯೇ ಎಂದು ನೋಡಿ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಮೇಲಿನ ಏರ್ಪಾಡುಗಳೊಂದಿಗೆ ಮುಂದುವರಿಯುವುದು ಮೊದಲನೆಯದು. ನೀವು ಬರೆದಿರುವ ಮಟ್ಟಿಗೆ, ನಾನಾದರೆ ಇದನ್ನೇ ಆಯ್ದುಕೊಳ್ಳುತ್ತಿದ್ದೆ. ಇದರ ಅಪಾಯವೆಂದರೆ ದಣಿವು. ಗೇಟು, ಬಾಗಿಲು, ಕಣ್ಗಾವಲುಗಳನ್ನು ತಿಂಗಳುಗಟ್ಟಲೆ ತಪ್ಪದೆ ಪಾಲಿಸುವುದು ಸುಲಭವಲ್ಲ, ಒಂದು ದಿನ ಯಾರಾದರೂ ಬಾಗಿಲು ಹಾಕಲು ಮರೆಯುತ್ತಾರೆ. ಮನೆಯ ಎಲ್ಲ ದೊಡ್ಡವರೂ, ಅತ್ತೆಯವರನ್ನೂ ಸೇರಿಸಿ, ಒಪ್ಪಿದರೆ ಮಾತ್ರ ಇದು ನಡೆಯುತ್ತದೆ. ನಾಯಿಗಳ ವರ್ತನೆಯಲ್ಲಿ ಪರಿಣತಿ ಪಡೆದವರನ್ನು ಮನೆಗೇ ಕರೆಸುವುದು ಎರಡನೆಯ ದಾರಿ. ಒಪ್ಪಿಕೊಳ್ಳುವ ಮೊದಲು, ನಾಯಿ ತಪ್ಪು ಮಾಡಿದಾಗ ಏನು ಮಾಡುತ್ತೀರಿ ಎಂದು ಕೇಳಿ. ಹಗ್ಗ ಜಗ್ಗುವ, ಮೊಳೆಪಟ್ಟಿ ಕಟ್ಟುವ, ವಿದ್ಯುತ್ ಪಟ್ಟಿ ಹಾಕುವ ಮಾತು ಬಂದರೆ ಅಲ್ಲಿಗೇ ಬಿಟ್ಟುಬಿಡಿ. ಪರಿಣತರ ಜೊತೆ ಕೆಲಸ ಮಾಡುವಾಗ, ಬಾಯಿ ತೆರೆದು ಏದುಸಿರು ಬಿಡಲು ಜಾಗವಿರುವ ಬಾಯಿಕುಕ್ಕೆಯನ್ನು ತಿನಿಸಿನ ಮೂಲಕ ಒಂದೆರಡು ವಾರ ರೂಢಿ ಮಾಡಿಸಬಹುದು. ಅದು ಶಿಕ್ಷೆಯಲ್ಲ, ಆದರೆ ಕಣ್ಗಾವಲಿಗೆ ಬದಲಿಯೂ ಅಲ್ಲ.

ಮರಳಿ ಕೊಡುವುದು ಮೂರನೆಯ ದಾರಿ, ಅದನ್ನು ಯೋಚಿಸಿದ್ದಕ್ಕೆ ನೀವು ನಾಚಬೇಕಾಗಿಲ್ಲ. ಬೆಳ್ಳಿ ಮಗುವನ್ನು ಹುಡುಕಿಕೊಂಡು ಹೋಗಿ ಎರಗಿದರೆ, ಎಚ್ಚರಿಕೆಯನ್ನು ಬಿಟ್ಟು ನೇರ ಬಾಯಿ ಹಾಕಿದರೆ, ಅಥವಾ ಮಗುವೇ ತನ್ನ ಮನೆಯಲ್ಲಿ ಹೆದರಿಕೊಂಡು ಓಡಾಡುವಂತಾದರೆ, ಮಕ್ಕಳಿಲ್ಲದ ಮನೆ ಅದಕ್ಕೂ ಒಳ್ಳೆಯದು. ಇದರ ಅಪಾಯ ನಾಯಿಯ ಪಾಲಿನದು: ಪ್ರತಿ ಸಲ ಮರಳಿದಾಗಲೂ ಅದು ಮತ್ತೆ ಮೊದಲ ದಿನದಿಂದ ಆರಂಭಿಸಬೇಕು, ಗುರುಗುಟ್ಟುತ್ತದೆ ಎಂಬ ದಾಖಲೆ ಇರುವ ನಾಯಿಗೆ ಹೊಸ ಮನೆ ತಡವಾಗಿ ಸಿಗುತ್ತದೆ. ಆದರೂ ನಡೆದದ್ದನ್ನು ಮುಚ್ಚಿಡಬೇಡಿ. ಯಾವಾಗ, ಯಾರು ಎಷ್ಟು ಹತ್ತಿರ ಬಂದಾಗ, ಏನು ಮಾಡಿತು, ಯಾವಾಗ ನೆಮ್ಮದಿಯಾಗಿತ್ತು ಎಂದು ದಿನಾಂಕ ಹಾಕಿ ಬರೆದು ಕೊಟ್ಟರೆ ಅಲ್ಲಿನವರು ತಕ್ಕ ಮನೆ ಹುಡುಕುತ್ತಾರೆ. ಆಶ್ರಯಧಾಮಕ್ಕೇ ಮರಳಿಸಿ. ಎಲ್ಲೋ ದೂರದಲ್ಲಿ ಬಿಟ್ಟುಬರುವುದು, ಅವರಿಗೆ ತಿಳಿಸದೆ ಬೇರೆಯವರಿಗೆ ದಾಟಿಸುವುದು ಬೇಡ.

ಈ ನಡುವೆ ಎಂದಾದರೂ ಹಲ್ಲು ತಾಗಿ ಚರ್ಮ ತರಚಿದರೂ, ನಾಯಿಗೆ ಲಸಿಕೆಯಾಗಿದ್ದರೂ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆದು ಅದೇ ದಿನ ವೈದ್ಯರ ಬಳಿ ಹೋಗಿ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕುಳಿಯುವುದು ಅಪರೂಪದಲ್ಲಿ ಅಪರೂಪ, ಅದಕ್ಕೆ ಮೊದಲು ಪಡೆದ ಚಿಕಿತ್ಸೆ ಅದನ್ನು ತಡೆಯುತ್ತದೆ. ನಾಯಿಯನ್ನು 10 ದಿನ ಕಣ್ಣಳತೆಯಲ್ಲಿಟ್ಟುಕೊಳ್ಳಿ. ಮಗ ಹೆದರಿ ಮುಚ್ಚಿಡದೆ ಬಂದು ಹೇಳುವಂತೆ, ಹೇಳಿದರೆ ಅವನನ್ನಾಗಲಿ ಬೆಳ್ಳಿಯನ್ನಾಗಲಿ ಯಾರೂ ಬೈಯುವುದಿಲ್ಲವೆಂದು ಅವನಿಗೆ ಈಗಲೇ ತಿಳಿಸಿಡಿ.